ನಿನಗೆ ಕೊಡದೆ ಉಳಿದ ಹಿಡಿ ಮಣ್ಣು

ಲೇ ದೋಸ್ತಾ ರಫೀಕ,

ಮೊನ್ನೆ ಬೆಳಿಗ್ಗೆ ವುಡ್‌ರಿಡ್ಜಿನ ನಮ್ಮ ಮನೆಯ ಹಿಂದಿನ ಡೆಕ್ ಮೇಲೆ ಚಹಾದ ಕಪ್ಪು ಹಿಡಿದು ಕೂತಿದ್ದೆ. ಮರಗಳ ಆಚೆ, ದೂರದಲ್ಲಿ, ಮೋಡವೊಂದು ನೆಲಕ್ಕೆ ತಾಗಿಕೊಂಡು ನಿಂತಿತ್ತು. ಬುಡ ಅಗಲ, ನೆತ್ತಿ ಚಪ್ಪಟೆ. ಥೇಟ್ ನಿನ್ನ ದಿಬ್ಬವೇ! ಇಲಿನಾಯ್‌ನಲ್ಲಿ ಗುಡ್ಡ ನೋಡಬೇಕಾದರೆ ಆಕಾಶ ನೋಡಬೇಕು ಎಂದು ನೀನು ಆಡಿಕೊಳ್ಳುತ್ತಿದ್ದೆಯಲ್ಲ. "ರಫೀಕ ಬಂದಾನ ನೋಡು" ಎಂದು ಬಾಯಿಂದ ಬಂದೇಬಿಟ್ಟಿತು. ಒಳಗಿನಿಂದ ಗಿರಿಜಾ, "ಯಾರ್ ಬಂದ್ರೀ? ಬಾಗಲಾ ತಗೀಲೇನು?" ಎಂದಳು. ಮೋಡ ಕರಗುವವರೆಗೂ ನೋಡುತ್ತ ಕೂತಿದ್ದು, ಆಮೇಲೆ ಕಾಗದ ತೆಗೆದುಕೊಂಡೆ. ಜನವರಿಯಲ್ಲಿ ನೀನು ಹೋದೆ, ಈಗ ಜೂನ್. ನಡುವೆ ನಡೆದದ್ದನ್ನು ನಾನಲ್ಲದೆ ನಿನಗೆ ಯಾರು ಹೇಳಬೇಕು?

ಬಿಜಾಪುರದಲ್ಲಿ ನಾವಿಬ್ಬರೂ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದ ಕಾಲದ ಸಂಜೆಗಳು ನೆನಪಾಗುತ್ತವೆ. ಕೋಟೆಗೋಡೆಯ ಮೇಲೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದೆವು. ದೇಶದ ಮಂದಿಯೆಲ್ಲ ನೋಡಲು ಬರುವ ಗುಮ್ಮಟಕ್ಕೆ ನೀನು ಬೆನ್ನು ಕೊಟ್ಟು ಕೂರುತ್ತಿದ್ದೆ. ಕಾಲೇಜಿನಲ್ಲಿ ನಿನಗೆ ಸೇರುತ್ತಿದ್ದುದು ಮಣ್ಣು ಪರೀಕ್ಷೆಯ ಲ್ಯಾಬ್ ಒಂದೇ. ಅಮೆರಿಕಕ್ಕೆ ಬಂದಮೇಲೂ ನಿನ್ನ ಚಾಳಿ ಹೋಗಲಿಲ್ಲ. ನಾನು ಓಕ್ ಬ್ರೂಕ್‌ನ ಆಫೀಸಿನಲ್ಲಿ ಹೈವೇ ಏರಿಗಳ ನಕ್ಷೆ ಬರೆಯುತ್ತ ಉಳಿದೆ. ನೀನು ಡೆಟ್ರಾಯಿಟ್ ಕಡೆ ಇದ್ದ ಒಳ್ಳೇ ಕೆಲಸ ಬಿಟ್ಟು, ಮಂದಿಯ ಬೇಸ್‌ಮೆಂಟ್‌ಗೆ ನೀರು ನುಗ್ಗದ ಹಾಗೆ ಮನೆಯ ಸುತ್ತ ಅಗೆಯುವ ಬಿಸಿನೆಸ್ ಹಾಕಿದೆ. "ಇಂಜಿನಿಯರ್ ಆಗಿ ಗಟಾರ ತೋಡ್ತಿಯೇನಲೇ?" ಎಂದು ಬೈದಿದ್ದೆ. "ಕುರ್ಚಿ ಮ್ಯಾಲ ಕುಂತು ನಕ್ಷಾ ಬರ್ಯೋದು ನಿನಗಿರ್ಲಿ. ನನಗ ಮಣ್ಣು ಕೈಗೆ ಹತ್ತಬೇಕು ನೋಡಪಾ" ಎಂದಿದ್ದೆ. ಒಳ್ಳೇ ಸಂಸಾರ ಮಾಡಿದೆ, ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಮನೆ ಮಾಡಿದೆ. ಉಗುರಿನ ಸಂದಿಯ ಮಣ್ಣು ಮಾತ್ರ ಕೊನೆತನಕ ಹೋಗಲಿಲ್ಲ.

ನೀನು ಇಂಗ್ಲೆಂಡಿನಿಂದ ಮೊದಲ ಸಲ ಫೋನ್ ಮಾಡಿದ ದಿನ ನಾನು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. ಬರ್ಮಿಂಗ್‌ಹ್ಯಾಮಿನಲ್ಲಿರುವ ನಿಮ್ಮಕ್ಕ ಆಪಾನ ಮನೆಗೆ ಹೋಗಿದ್ದವನು, ಬಾಡಿಗೆ ಕಾರು ತೆಗೆದುಕೊಂಡು ವೇಲ್ಸ್ ಗಡಿಯ ಕಡೆ ತಿರುಗಾಡಲು ಹೋಗಿ, ದಾರಿ ತಪ್ಪಿ, ಯಾವುದೋ ಹಳ್ಳಿಯ ಕುರಿ ಹೊಲದ ಮುಂದೆ ನಿಂತಿದ್ದೆ. "ಬಸು, ಕೋಟಿ ಸಿಕ್ತಲೇ!" ಎಂದೆ. ನಿನ್ನ ಉಸಿರೇ ಸಿಕ್ಕಿಕೊಂಡಿತ್ತು. ಫೋಟೋ ಕಳಿಸಿದೆ. ನೋಡಿದರೆ ಹುಲ್ಲು ಬೆಳೆದ ಒಂದು ಮಣ್ಣುಗುಡ್ಡೆ, ಅದರ ಮೇಲೆ ನಾಲ್ಕು ಕುರಿ. ಕೋಟೆ ಎಲ್ಲಿದೆಯೋ ಮಾರಾಯಾ ಎಂದು ಕೇಳಿದೆ. "ಇದೇ ಕೋಟಿ" ಎಂದೆ. ಒಂಬೈನೂರು ವರ್ಷಗಳ ಹಿಂದೆ ನಾರ್ಮನ್ನರು ಫ್ರಾನ್ಸ್ ಕಡೆಯಿಂದ ಬಂದು ಆ ನಾಡನ್ನು ಗೆದ್ದಾಗ, ಊರೂರಿಗೆ ಇಂಥ ದಿಬ್ಬ ಎತ್ತಿಸಿದ್ದರಂತೆ. ಸುತ್ತ ಕಂದಕ ತೋಡಿ, ತೋಡಿದ ಮಣ್ಣನ್ನೇ ನಡುವೆ ಸುರಿದು, ನೆತ್ತಿಯ ಮೇಲೆ ಮರದ ಗೋಪುರ ನಿಲ್ಲಿಸಿ, ಕೆಳಗೆ ಕುದುರೆಗಳಿಗೂ ಆಳುಗಳಿಗೂ ಬೇಲಿ ಹಾಕಿದ ಅಂಗಳ ಮಾಡುವುದು. ಮರ ಕೊಳೆತು ಹೋಗಿದೆ, ಮಣ್ಣು ಹಾಗೇ ಇದೆ. ಕಥೆ ಕೇಳುತ್ತ ಕೇಳುತ್ತ ನನ್ನ ಎಕ್ಸಿಟ್ ತಪ್ಪಿಹೋಯಿತು.

ಆಮೇಲೆ ನಾವು ನಾಲ್ವರೂ ಅಲ್ಲಿಗೆ ಹೋದೆವಲ್ಲ, ನೀನು, ಶಾಹೀನ್ ಭಾಭಿ, ನಾನು, ಗಿರಿಜಾ... ಆ ಬೆಳಗು ನಿಜವಾಗಿ ನಡೆದದ್ದೋ ನಾನು ಕಂಡ ಕನಸೋ ಎಂದು ಈಗಲೂ ಅನುಮಾನ ಬರುತ್ತದೆ. ಹೊಲದ ಗೇಟು ತೆಗೆದು ಒಳಗೆ ಹೋದರೆ ಮಂಜು. ನಮ್ಮ ಕಾಲೇ ನಮಗೆ ಕಾಣುತ್ತಿರಲಿಲ್ಲ. ಕಂದಕದಲ್ಲಿ ಮಂಜು ತುಂಬಿ ಹಾಲಿನಂತೆ ನಿಂತಿತ್ತು, ಅದರ ನಡುವೆ ದಿಬ್ಬದ ನೆತ್ತಿ ಮಾತ್ರ ತೇಲುತ್ತಿತ್ತು. ಭಾಭಿಗೆ ಮೊಣಕಾಲು ನೋವು, ಕೆಳಗಿನ ಅಂಗಳದಲ್ಲೇ ಉಳಿದರು. ಜೊತೆಗೆ ಗಿರಿಜಾ ಫ್ಲಾಸ್ಕ್ ಬಿಚ್ಚಿ ಕೂತಳು. ನಾವಿಬ್ಬರೂ ಹುಲ್ಲು ಹಿಡಿದುಕೊಂಡು ಹತ್ತಿದೆವು. ಅರ್ಧ ದಾರಿಯಲ್ಲಿ ನೀನು ಎದುರಿಗಿದ್ದ ಕುರಿಗೆ, "ಸಲಾಂ ಬಾಯಿಸಾಹೇಬ್ರೇ, ಜರಾ ದಾರಿ ಬಿಡ್ರಿ" ಎಂದೆ. ಅದು ಬಿಟ್ಟಿತು ಕೂಡ.

ನೆತ್ತಿಯ ಮೇಲೆ ನಿಂತಾಗ ನೀನು ಎರಡೂ ಕೈ ಎತ್ತಿ ಗೋಪುರ ಕಟ್ಟತೊಡಗಿದೆ. "ಇಲ್ಲಿ ಕಂಬ. ಇಲ್ಲಿ ಬಾಗಲಾ. ಇಲ್ಲಿಂದ ಹಲಗಿ ಸೇತುವಿ ಕೆಳಗಿನ ಅಂಗಳಕ್ಕ ಇಳೀತದ. ಅಗೋ, ಆ ಮಂಜಿನಾಗ ನಿನ್ನ ಭಾಭಿ ಕುಂತಾಳಲ್ಲ, ಅಲ್ಲೇ ಕುದುರಿ ಕಟ್ಟತಿದ್ರು." ನನಗೆ ನಗು ಬಂತು. ಆದರೆ, ನಂಬುತ್ತೀಯೋ ಇಲ್ಲವೋ, ಒಂದು ಗಳಿಗೆ ಮೂಗಿಗೆ ಕಟ್ಟಿಗೆಯ ಹೊಗೆ ಬಡಿಯಿತು. ಕೆಳಗೆ ಎಲ್ಲೋ ಕುದುರೆ ಮೂಗು ಸೀಟಿದ ಸದ್ದು. ಮೇಲೆ ನೋಡಿದರೆ ಮಂಜಿನೊಳಗೆ ಏನೋ ಎತ್ತರವಾಗಿ, ಕಪ್ಪಾಗಿ... ಹೊಗೆ ಪಕ್ಕದ ತೋಟದ ಮನೆಯದು, ಕುದುರೆ ಆಚೆಯ ಹೊಲದ್ದು ಎಂದು ಆಮೇಲೆ ಗೊತ್ತಾಯಿತು. ನೀನು ನನ್ನ ಮುಖ ನೋಡಿ, "ಕಂಡಿತಿಲ್ಲೋ?" ಎಂದೆ. ನಾನು ಇಲ್ಲ ಎಂದೆ. ಕಂಡಿತ್ತು ಕಣೋ.

ಇಳಿಯುವಾಗ ನಾನು ಸುಮ್ಮನಿರಲಾರದೆ ಕೆಣಕಿದೆ. "ಬಿಜಾಪುರದಾಗ ಹುಟ್ಟಿ, ಇಷ್ಟ್ ದೂರ ಮಣ್ಣುಗುಡ್ಡಿ ನೋಡಾಕ ಬಂದಿಯಲ್ಲ, ನಿನ್ನ ತಲಿ ನೆಟ್ಟಗಿಲ್ಲ ಬಿಡು." ನೀನು ಅಲ್ಲೇ ಕುಕ್ಕರಗಾಲಲ್ಲಿ ಕೂತು ನೆಲ ತಟ್ಟಿದೆ. "ಲೇ ಹೈವೇ ಸಾಹೇಬಾ, ನೀ ಹಾಕಿದ ರಾಂಪ್ ಎಷ್ಟ್ ವರ್ಷ ನಿಂತೀತು ಹೇಳು? ಇದನ್ನ ಬುಟ್ಟಿಲೇ ಹೊತ್ತು ಹಾಕ್ಯಾರ. ಹೊಡದು ಬಡದು ಹೊರಿಸ್ಯಾರ ಪಾಪ, ಊರ ಮಂದಿ ಕಡಿಂದ. ರಾಜಾನ ಹೆಸರು ಯಾರಿಗೂ ನೆನಪಿಲ್ಲ, ಮರದ್ದೆಲ್ಲಾ ಹೋತು. ಆ ಮಂದಿ ಹಾಕಿದ ಮಣ್ಣು ನೋಡು, ಕುಂತೈತಿ." ಕೆಳಗೆ ಬಂದರೆ ಗಿರಿಜಾ ಚಪಾತಿ ಮುಗಿಸಿಬಿಟ್ಟಿದ್ದಳು, ಅದರ ಮೇಲೆ ಜಗಳ ಹತ್ತಿತು.

ನಮ್ಮ ಅಪ್ಪ ತೀರಿಕೊಂಡಾಗ ನಾನು ಇಲ್ಲಿ ಏರ್‌ಪೋರ್ಟಿನಲ್ಲಿ ಫ್ಲೈಟಿಗೆ ಕಾಯುತ್ತಿದ್ದೆ, ನೀನು ಬಿಜಾಪುರದಲ್ಲಿ ಅಕ್ಕನ ಮಗನ ಮದುವೆಗೆ ಹೋಗಿದ್ದವನು ಅದನ್ನು ಬಿಟ್ಟು ನಮ್ಮ ಮನೆಗೆ ಓಡಿದೆ. ಮಣ್ಣು ಅನ್ನುವುದು ನಮ್ಮ ಕಡೆ ಎಷ್ಟು ದೊಡ್ಡ ಮಾತು! ಯಾರಾದರೂ ತೀರಿಕೊಂಡರೆ 'ಮಣ್ಣಿಗೆ ಹೋಗಿದ್ದೆ' ಅನ್ನುತ್ತೇವೆ. ನಮ್ಮ ಲಿಂಗಾಯತರಲ್ಲೂ ಹೂಳುವುದು, ನಿಮ್ಮಲ್ಲೂ ಹೂಳುವುದು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರೆ ಸತ್ತವನ ಋಣ ತೀರಿತು, ಇದ್ದವನ ಎದೆ ಹಗುರಾಯಿತು. ಅಪ್ಪನಿಗೆ ಮಣ್ಣು ಹಾಕುವ ಹೊತ್ತಿಗೆ ನಮ್ಮ ಕಾಕಾ ನಿನ್ನನ್ನು ಕರೆದು, "ಬಾರೋ ರಫೀಕ, ಬಸೂನ ಜಾಗಾದಾಗ ನಿಂದ್ರು" ಎಂದನಂತೆ. ಸಂಜೆ ನೀನೇ ಫೋನ್ ಮಾಡಿದೆ. "ಚಿಂತಿ ಮಾಡಬ್ಯಾಡ. ಹಾಕೀನಿ" ಎಂದೆ. ಅಷ್ಟೇ. ಏರ್‌ಪೋರ್ಟಿನ ಆ ಕುರ್ಚಿಯಲ್ಲಿ ಕೂತು ನಾನು ಚಿಕ್ಕ ಮಗುವಿನ ಹಾಗೆ ಅತ್ತೆ. ಅಂಥವನಿಗೆ ನಾನು...

ಜನವರಿಯ ಆ ಬೆಳಿಗ್ಗೆ ನಿನ್ನ ಮಗ ಇಮ್ರಾನ್ ಫೋನ್ ಮಾಡಿದಾಗ ನಾನು ಡ್ರೈವ್‌ವೇ ಮೇಲಿನ ಸ್ನೋ ತೆಗೆಯುತ್ತಿದ್ದೆ. "ಅಂಕಲ್, ಅಬ್ಬಾ ಪಾಸ್ಡ್ ಅವೇ" ಎಂದ. ಬೆಳಗಿನ ನಮಾಜು ಮುಗಿಸಿ ಕುರ್ಚಿಯಲ್ಲಿ ಕೂತವನು ಏಳಲಿಲ್ಲವಂತೆ. ಮಧ್ಯಾಹ್ನವೇ ಮಣ್ಣು. ನಿಮ್ಮಲ್ಲಿ ತಡ ಮಾಡುವುದಿಲ್ಲವೆಂದು ನನಗೆ ಗೊತ್ತಿಲ್ಲವೇ? ಹಾಕಿಕೊಂಡಿದ್ದ ಬಟ್ಟೆಯಲ್ಲೇ ಕಾರು ಹತ್ತಿದೆ, ಗಿರಿಜಾ ನನ್ನ ಕೋಟು ಹಿಡಿದು ಹಿಂದಿನಿಂದ ಓಡಿಬಂದು ಪಕ್ಕದಲ್ಲಿ ಕೂತಳು. ಡೆಟ್ರಾಯಿಟ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಎನ್ನುವುದು ದಾರಿಯಲ್ಲಿ ನೆನಪಾಗಿ ಆಕ್ಸಿಲರೇಟರ್ ಇನ್ನಷ್ಟು ಒತ್ತಿದೆ.

ಇಂಡಿಯಾನಾ ದಾಟಿ ಮಿಷಿಗನ್ ಒಳಗೆ ಬಂದೆವೋ ಇಲ್ಲವೋ, ಸರೋವರದ ಕಡೆಯಿಂದ ಹಿಮ ಎದ್ದಿತು. ಬೀಳುತ್ತಿದೆಯೋ ಏಳುತ್ತಿದೆಯೋ ತಿಳಿಯದ ಹಿಮ. ರಸ್ತೆ ಹೋಯಿತು, ಬೋರ್ಡುಗಳು ಹೋದವು, ಮುಂದಿನ ಕಾರಿನ ಕೆಂಪು ದೀಪ ಹೋಯಿತು. ಎಲ್ಲೋ ಮುಂದೆ ಟ್ರಕ್ಕುಗಳು ಅಡ್ಡಬಿದ್ದು ಹೈವೇ ಬಂದ್. ನಿಂತದ್ದು ಎಲ್ಲಿ ಗೊತ್ತೇನು? ಕಲಮಜೂ ಎಕ್ಸಿಟ್ ಹತ್ತಿರ. ನಿನಗೂ ನನಗೂ ನಡುದಾರಿ ಎಂದು ನಾವು ಕಾಫಿಗೆ ಸೇರುತ್ತಿದ್ದ ಜಾಗ. ಇಂಜಿನ್ ಹಾಕಿಕೊಂಡು ಗಂಟೆಗಟ್ಟಲೆ ಕೂತೆವು. ಗ್ಲಾಸಿನ ಆಚೆ ಬೆಳ್ಳಗೆ, ಬರೀ ಬೆಳ್ಳಗೆ. ಗಿರಿಜಾ ನನ್ನ ಕೈ ಹಿಡಿದುಕೊಂಡು, "ಅವ್ರಿಗೆ ಗೊತ್ತಾಗ್ತದ್ರೀ, ನೀವು ಹೊಂಟೀರಿ ಅಂತ" ಎಂದಳು. ಗೊತ್ತಾಯಿತೇನೋ?

ನಾವು ತಲುಪಿದಾಗ ಕಬರಸ್ತಾನದ ಗೇಟಿಗೆ ಬೀಗ ಬಿದ್ದಿತ್ತು. ಮರುದಿನ ಬೆಳಿಗ್ಗೆ ಇಮ್ರಾನ್ ಕರೆದುಕೊಂಡು ಹೋಗಿ ತೋರಿಸಿದ. ನಿನ್ನ ಮೇಲೆ ಹಿಮ ಕೂತಿತ್ತು. ನಾನು ಕೈಯಿಂದ ಬಳಿದೆ, ಕೆಳಗೆ ಮಣ್ಣು ಕಲ್ಲಾಗಿತ್ತು. ಕಾರಿನ ಗ್ಲಾಸ್ ಕೆರೆಯುವ ಪ್ಲಾಸ್ಟಿಕ್ಕಿನ ಸ್ಕ್ರೇಪರ್ ತಂದು ಕೆರೆದೆ. ಒಂದು ಹಿಡಿ, ಒಂದೇ ಹಿಡಿ ಸಿಕ್ಕಿದ್ದರೆ ಸಾಕಿತ್ತು ಕಣೋ. ಮಂಜುಗಡ್ಡೆಯ ಪುಡಿ ಬಂತು, ಮಣ್ಣು ಬರಲಿಲ್ಲ. ಸ್ಕ್ರೇಪರ್ ಮುರಿಯಿತು. ಇಮ್ರಾನ್ "ಇಟ್ಸ್ ಓಕೆ, ಅಂಕಲ್" ಎಂದು ನನ್ನ ಭುಜ ಹಿಡಿದು ಎಬ್ಬಿಸಿದ. ಮನೆಗೆ ಬಂದರೆ ಭಾಭಿ ಹೆಂಗಸರ ನಡುವೆ ಕೂತಿದ್ದರು. ಅವರ ಕಣ್ಣಲ್ಲಿ ಹನಿ ನೀರಿರಲಿಲ್ಲ. "ಚಾ ಕುಡೀರಿ ಬಸು ಭಾಯ್, ದೂರದಿಂದ ಬಂದೀರಿ" ಎಂದರು. ಅವರೊಮ್ಮೆ ಅತ್ತರೆ ಸಾಕು ಎಂದು ಬಂದವರೆಲ್ಲ ಪಿಸುಗುಡುತ್ತಿದ್ದರು.

ಆಮೇಲಿನ ದಿನಗಳಲ್ಲಿ ಒಂದೇ ಕನಸು ಮತ್ತೆ ಮತ್ತೆ. ಬಲಗೈ ತುಂಬ ಮಣ್ಣು ಹಿಡಿದು ನಡೆಯುತ್ತಿದ್ದೇನೆ, ಎಲ್ಲಿ ಹಾಕಬೇಕೋ ತಿಳಿಯುತ್ತಿಲ್ಲ. ನಮ್ಮ ಬಡಾವಣೆಯ ಮನೆಗಳೆಲ್ಲ ಒಂದೇ ತರಹ, ಯಾರ ಬಾಗಿಲು ತಟ್ಟಿದರೂ "ಇಲ್ಲಲ್ಲ, ಮುಂದೆ" ಅನ್ನುತ್ತಾರೆ. ಏಪ್ರಿಲ್ ಹೊತ್ತಿಗೆ ನಾನೊಂದು ಉಪಾಯ ಹೂಡಿದೆ. ಇಂಗ್ಲೆಂಡಿಗೆ ಹೋಗುವುದು, ನಿನ್ನ ದಿಬ್ಬದ ಒಂದು ಹಿಡಿ ಮಣ್ಣು ತರುವುದು, ಅದನ್ನು ತಂದು ನಿನ್ನ ಮೇಲೆ ಹಾಕುವುದು. ನಿನಗೆ ಅದಕ್ಕಿಂತ ಇಷ್ಟದ ಮಣ್ಣು ಲೋಕದಲ್ಲಿ ಯಾವುದಿತ್ತು? ಗಿರಿಜಾಗೆ ಸುಮ್ಮನೆ ರಜೆ ಎಂದೆ. ಅವಳೇನು ದಡ್ಡಿಯೇ? ಸೂಟ್‌ಕೇಸಿನಲ್ಲಿ ಖಾಲಿ ಚಟ್ನಿಪುಡಿ ಡಬ್ಬಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಹ್ವಾದ ಸಲ ಓ'ಹೇರ್ ಏರ್‌ಪೋರ್ಟಿನಾಗ ನನ್ನ ಕರಿಬೇವು ಕಸಗೊಂಡು ಡಸ್ಟ್‌ಬಿನ್‌ಗೆ ಒಗದ್ರು. ಮಣ್ಣು ಬಿಡ್ತಾರೇನ್ರೀ? ಮ್ಯಾಲ ನಿಮ್ಮ ಮಾರಿ ನೋಡಿದ್ರೇ ಗೊತ್ತಾಗ್ತದ, ಏನೋ ಮುಚ್ಚಿಟ್ಟಾರ ಅಂತ." ಆದರೂ ಡಬ್ಬಿಯನ್ನು ಅವಳೇ ತೊಳೆದು ಒರೆಸಿ ಇಟ್ಟಳು.

ಮೇ ತಿಂಗಳಲ್ಲಿ ದಿಬ್ಬ ಹೇಗಿರುತ್ತದೆ ಎಂದು ನೀನೂ ನೋಡಿರಲಿಕ್ಕಿಲ್ಲ. ಕಂದಕದ ತುಂಬ ನೀಲಿ ಹೂ, ಅದರೊಳಗೆ ಕುರಿಮರಿಗಳು ಮುಳುಗಿ ಏಳುತ್ತಿದ್ದವು. ಬಿಸಿಲಿದ್ದರೂ ಗಾಳಿಯಲ್ಲಿ ಏನೋ ಮಬ್ಬು. ನಾನು ನೆತ್ತಿಗೆ ಹೋಗಿ, ನೀನು ಬಾಗಿಲು ಎಂದು ತೋರಿಸಿದ್ದ ಜಾಗದಿಂದಲೇ ಒಳಗೆ ಹೋದೆ. ನಗಬೇಡ. ಆಮೇಲೆ ಅಡ್ಡಾದಿಡ್ಡಿ ಸವೆದು ಮಣ್ಣು ತೆರೆದಿದ್ದ ಒಂದು ಕಡೆ ಕೂತು ಡಬ್ಬಿ ತೆಗೆದು ಬೆರಳು ಹಾಕಿದೆ. "ದಯವಿಟ್ಟು ಅದನ್ನು ಅಲ್ಲೇ ಹಾಕಿಬಿಡಿ" ಎಂದು ಹಿಂದಿನಿಂದ ದನಿ ಬಂತು. ನೋಡಿದರೆ ರಬ್ಬರ್ ಬೂಟು ಹಾಕಿದ ವಯಸ್ಸಾದ ಹೆಂಗಸು, ಜೊತೆಗೊಂದು ನಾಯಿ. ಆ ಹೊಲದ ಒಡತಿ, ಮಾರ್ಗರೆಟ್ ಎಂದು ಹೆಸರು. ಈ ದಿಬ್ಬವನ್ನು ಕಾನೂನು ಕಾಯುತ್ತದೆ, ಇದರಿಂದ ಒಂದು ಚಿಟಿಕೆ ಮಣ್ಣನ್ನೂ ಯಾರೂ ಒಯ್ಯುವಂತಿಲ್ಲ ಎಂದಳು. ಈ ವಯಸ್ಸಿನಲ್ಲಿ, ಸಿಕ್ಕಿಬಿದ್ದ ಕಳ್ಳನ ಹಾಗೆ, ಕೈಯಲ್ಲಿ ಡಬ್ಬಿ ಹಿಡಿದು ನಿಂತೆ ನೋಡು! ಗಿರಿಜಾ ಕೆಳಗೆ ಕೂತು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು.

ಮಾನ ಉಳಿಸಿಕೊಳ್ಳಲು ನಾನು ಮಾರ್ಗರೆಟ್‌ಗೆ ಎಲ್ಲವನ್ನೂ ಹೇಳಿದೆ. ನಿನ್ನನ್ನು, ಬಿಜಾಪುರವನ್ನು, ಅಪ್ಪನ ಮಣ್ಣನ್ನು, ಹಿಮವನ್ನು. ಅವಳು ನಗಲಿಲ್ಲ. "ಕುರಿಗಳ ಜೊತೆ ಮಾತಾಡುತ್ತಿದ್ದ ಗಡ್ಡದವರಾ?" ಎಂದು ಕೇಳಿದಳು. ಮಂಜು ಹರಿದ ಸಂದಿಯಲ್ಲಿ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳಂತೆ ಮಾರಾಯಾ! ಹೌದು ಎಂದೆ. ಅವಳು ನಾಯಿಯ ಬೆನ್ನು ಸವರಿದಳು. ಆಮೇಲೆ ಸವೆದ ಜಾಗ ತೋರಿಸಿದಳು. ಕುರಿಗಳ ಕಾಲಿಗೂ ಮನುಷ್ಯರ ಕಾಲಿಗೂ ಸಿಕ್ಕು ದಿಬ್ಬದ ಮೈ ಅಲ್ಲಿ ಗಾಯವಾಗಿದೆ, ಅನುಮತಿ ಸಿಕ್ಕಿದೆ, ಶನಿವಾರ ಊರಿನವರು ಸೇರಿ ಅದನ್ನು ತುಂಬುತ್ತಾರೆ ಎಂದಳು. "ಶನಿವಾರ ಬನ್ನಿ. ಮಣ್ಣು ಒಯ್ಯುವುದಕ್ಕಲ್ಲ, ಹಾಕುವುದಕ್ಕೆ."

ಶನಿವಾರ ಹೋದೆವು. ಟ್ರ್ಯಾಕ್ಟರಿನಲ್ಲಿ ತಂದ ಮಣ್ಣು ಕಂದಕದ ಆಚೆ ರಾಶಿ ಬಿದ್ದಿತ್ತು. ಯಂತ್ರ ಮೇಲೆ ಹತ್ತಿಸಿದರೆ ದಿಬ್ಬಕ್ಕೆ ಪೆಟ್ಟಾಗುತ್ತದೆ ಎಂದು ಎಲ್ಲವೂ ಕೈಯಲ್ಲೇ. ಊರ ಮಂದಿ ಸಾಲಾಗಿ ನಿಂತು ಬಕೆಟ್ ಕೈಯಿಂದ ಕೈಗೆ ದಾಟಿಸುತ್ತಿದ್ದರು, ನಡುವೆ ಗಿರಿಜಾ ಸೆರಗು ಸಿಗಿಸಿಕೊಂಡು ನಿಂತಳು. ನಾನು ಮೇಲೆ. ಸುರಿಯುವುದು, ತುಳಿಯುವುದು, ಮತ್ತೆ ಸುರಿಯುವುದು. ಕೆಳಗೆ ನೋಡಿದರೆ ಬಿಸಿಲಿನ ಮಬ್ಬಿನಲ್ಲಿ ಆ ಸಾಲು ಎಲ್ಲಿ ಶುರುವಾಗಿದೆಯೋ ಕಾಣುತ್ತಿರಲಿಲ್ಲ. ಕೈಗಳು ಬರುತ್ತಲೇ ಇದ್ದವು, ಬಕೆಟ್ ಬರುತ್ತಲೇ ಇತ್ತು. ಇವರು ಈಗಿನವರೋ ಆಗಿನವರೋ? ಆ ಸಾಲಿನಲ್ಲಿ ಎಲ್ಲೋ ನೀನೂ ಇದ್ದೀಯೇನೋ ಎಂದು ಒಂದೊಂದು ಮುಖವನ್ನೂ ನೋಡಿದೆ. ನಿನ್ನ ಹೆಸರು ಹೇಳಿ ಒಂದು ಹಿಡಿ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಎದೆ ಹಗುರಾಗಲಿಲ್ಲ. ಅದು ಆ ದಿಬ್ಬದ ಪಾಲಿನ ಮಣ್ಣು, ನಿನ್ನದಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಮಾರ್ಗರೆಟ್ ಬಂದು ಕಾಲಿನಿಂದ ಒತ್ತಿ ನೋಡಿದಳು. "ಎರಡು ಚಳಿಗಾಲ ಹೋದರೆ ಇದು ಮತ್ತೆ ಕುಸಿಯುತ್ತದೆ. ಆಗ ಮತ್ತೆ ಹಾಕುತ್ತೇವೆ. ನಮ್ಮಪ್ಪನೂ ಹಾಕುತ್ತಿದ್ದ" ಎಂದಳು. ಏನೋ ಹವಾಮಾನದ ಮಾತಾಡಿದ ಹಾಗೆ ಹೇಳಿ ಮುಂದೆ ಹೋದಳು. ನನ್ನ ತಲೆಯಲ್ಲಿ ಮಾತ್ರ ಥಟ್ಟನೆ ಹೊಳೆಯಿತು. ಇಷ್ಟು ವರ್ಷ ಮಣ್ಣಿನ ಏರಿ ಹಾಕಿ ಅನ್ನ ತಿಂದವನು ನಾನು, ಇದನ್ನು ಹೇಗೆ ಮರೆತೆ? ನೀನಾಗಿದ್ದರೆ ಜನವರಿಯಲ್ಲೇ ಹೇಳುತ್ತಿದ್ದೆ. ಮಿಷಿಗನ್ನಿನ ಜೇಡಿ ಮಣ್ಣು, ಹೆಪ್ಪುಗಟ್ಟಿದ್ದಾಗ ಹೆಂಟೆ ಹೆಂಟೆಯಾಗಿ ತುಂಬಿದ್ದು. ಮಾರ್ಚ್‌ನಲ್ಲಿ ಕರಗಿದೆ, ಏಪ್ರಿಲ್‌ನಲ್ಲಿ ಮಳೆ ಬಿದ್ದಿದೆ. ಕುಸಿಯದೆ ಇರುತ್ತದೆಯೇ? ನಾನು ಬಕೆಟ್ ಅಲ್ಲೇ ಬಿಟ್ಟು ಫೋನ್ ತೆಗೆದೆ. ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಆಗಿನ್ನೂ ಬೆಳಗಿನ ಹೊತ್ತು.

"ಭಾಭಿ, ರಫೀಕನ ಮ್ಯಾಲಿನ ಮಣ್ಣು ಕುಸದಿರಬೇಕು" ಎಂದೆ. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ.

"ಹೂಂ, ಬಸು ಭಾಯ್. ಕುಸದದ. ನೀರು ನಿಂತದ ಅದರಾಗ. ನಿಮಗ್ಯಾರು ಹೇಳಿದ್ರು? ಸೋಮವಾರ ಕಬರಸ್ತಾನದವ್ರು ಬಂದು ತುಂಬ್ತಾರಂತ, ಇಮ್ರಾನ್ ಹೇಳ್ದ."

"ಸೋಮವಾರ ಬ್ಯಾಡ ಅನ್ರಿ. ಕೈಮುಗಿದು ಕೇಳ್ತೀನಿ. ನಾ ಬರೂತನಕ ಮುಟ್ಟಬಾರದು ಅನ್ರಿ. ಮಣ್ಣು ತಂದು ಹಾಕಿ ಅವ್ರು ಹೋಗ್ಲಿ, ತುಂಬೂದು ನಾನು. ನಾ ಅವನಿಗೆ ಮಣ್ಣು ಹಾಕಿಲ್ಲ ಭಾಭಿ."

ಲೈನ್ ಕಟ್ಟಾಯಿತೇನೋ ಎಂದು ಫೋನ್ ನೋಡಿದೆ. ಆಮೇಲೆ ಅವರ ದನಿ ಬಂತು, ಬಹಳ ಸಣ್ಣಗೆ. "ನಾನೂ ಹಾಕಿಲ್ಲ, ಬಸು ಭಾಯ್. ನಾನು ಗೇಟಿನ ತನಕ ಹೋಗಿದ್ದೆ. ಕಾರಿನಾಗ ಕುಂಡ್ರಿಸಿದ್ರು. ಥಂಡಿ ಭಾಳ ಅದ, ಕಾಲು ಜಾರ್ತದ, ಇಳೀಬ್ಯಾಡ್ರಿ ಅಂದ್ರು. ಎಲ್ಲಾರೂ ನನ್ನ ಒಳ್ಳೇದಕ್ಕಽ ಅಂದ್ರು. ಗ್ಲಾಸಿನಾಗಿಂದ ಬರೇ ಗಂಡಸರ ಬೆನ್ನು ಕಂಡ್ವು. ಅವ್ರನ್ನ ಮಣ್ಣಿಗಿಳಿಸೂದು ನೋಡಲೇ ಇಲ್ಲ." ನಾನು ನಿನ್ನ ದಿಬ್ಬದ ಮೇಲೆ ಕೂತುಬಿಟ್ಟೆ. ಐದು ತಿಂಗಳು ನನ್ನ ಒಂದು ಹಿಡಿ ಮಣ್ಣಿಗೆ ಒದ್ದಾಡಿದ್ದೆನಲ್ಲ, ಒಂದು ದಿನವಾದರೂ ಅವರನ್ನು ಕೇಳಬೇಕು ಅನ್ನಿಸಿತ್ತೇ? "ನೀವೂ ಬರ್ರಿ" ಎಂದೆ. "ಬರ್ತೀನಿ" ಎಂದರು.

ಹೋದ ಬುಧವಾರ ನಿನ್ನ ಹತ್ತಿರ ಬಂದೆವು. ಬಿಸಿಲು ಹಿತವಾಗಿತ್ತು, ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಇದ್ದೀತು. ಕಬರಸ್ತಾನದವರು ದಾರಿಯ ಪಕ್ಕ ಮಣ್ಣಿನ ರಾಶಿ ಹಾಕಿ, ಒಂದು ಸನಿಕೆ ಬಿಟ್ಟು ಹೋಗಿದ್ದರು. ಇಮ್ರಾನ್ ಕಾರು ನಿಲ್ಲಿಸಿ, "ಮಾಮ್, ಯೂ ಡೋಂಟ್ ಹ್ಯಾವ್ ಟು" ಎಂದ. ಭಾಭಿ ಬಾಗಿಲು ತೆಗೆದು ಇಳಿದೇಬಿಟ್ಟರು. ಗಿರಿಜಾ ಕೈ ಕೊಡಲು ಹೋದರೆ, ಬೇಡ ಎಂದು ತಲೆ ಅಲ್ಲಾಡಿಸಿದರು. ನಾನು ಹಿಂದೆ ಸರಿದು ನಿಂತೆ. ಮೊದಲ ಹಿಡಿ ಅವರದು. ಎರಡೂ ಕೈ ತುಂಬಿ ತಂದು, ತಗ್ಗಿನ ಹತ್ತಿರ ನಿಂತು, ತುಟಿಯಲ್ಲೇ ಏನೋ ಓದಿ ಹಾಕಿದರು. ಆಮೇಲೆ ಇನ್ನೆರಡು. ಆಮೇಲೆ ನಾನು ಹಾಕಿದೆ. ನಿಮ್ಮ ಮಂತ್ರ ನನಗೆ ಬರುವುದಿಲ್ಲ, "ಬಂದೀನಲೇ, ರಸ್ತೆ ಬಂದ್ ಇತ್ತು" ಎಂದಷ್ಟೇ ಹೇಳಿದೆ. ಕೈ ಕೆಳಗಿಳಿದಾಗ ಭುಜದಿಂದ ಏನೋ ಇಳಿದು ಹೋಯಿತು, ದೋಸ್ತಾ. ಕೇಳಿಸಿಕೊಂಡೆಯಾ?

ಉಳಿದದ್ದನ್ನು ಸನಿಕೆಯಿಂದ ತುಂಬೋಣ ಎಂದು ಇಮ್ರಾನ್ ಮುಂದೆ ಬಂದ. ಭಾಭಿ ಬಿಡಲಿಲ್ಲ. ಮೊಣಕಾಲೂರಿ ಕೂತುಬಿಟ್ಟರು, ಆ ನೋವಿನ ಮೊಣಕಾಲನ್ನೇ. ನಾವು ರಾಶಿಯಿಂದ ತಂದು ತಂದು ಕೊಟ್ಟ ಮಣ್ಣನ್ನು ಹಾಕಿ, ಹೆಂಟೆ ಒಡೆದು, ಅಂಗೈಯಿಂದ ತಟ್ಟಿ ತಟ್ಟಿ ಕೂಡಿಸಿದರು. ತಗ್ಗು ತುಂಬಿ ನೆಲಕ್ಕೆ ಸಮವಾಯಿತು, ನಿಲ್ಲಿಸಲಿಲ್ಲ. ಒಂದು ಗೇಣು ಎತ್ತರವಾಗುವ ತನಕ ಹಾಕಿದರು. "ಮಂದಿ ಮನಿಗೆ ನೀರು ಬರಬಾರದು ಅಂತ ಜನ್ಮ ಸವಸಿದ್ರಿ. ನಿಮ್ಮ ಮ್ಯಾಲ ನೀರು ನಿಲ್ಲಾಕ ಬಿಡ್ತೀನೇನು?" ಎಂದು ನಿನ್ನನ್ನೇ ಗದರಿಸಿದರು. ಆ ಮಾತು ಮುಗಿಯುವಷ್ಟರಲ್ಲಿ ದನಿ ಒಡೆಯಿತು. ಅತ್ತರು ರಫೀಕ. ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು, ಜನವರಿಯಿಂದ ಹಿಡಿದಿಟ್ಟದ್ದನ್ನೆಲ್ಲ ಅತ್ತರು. ಯಾರೂ ಅವರನ್ನು ಎಬ್ಬಿಸಲು ಹೋಗಲಿಲ್ಲ.

ಈಗ ಚೆನ್ನಾಗಿ ಕೂತಿದೆ. ಆದರೂ ನಿನಗೂ ಗೊತ್ತು, ನನಗೂ ಗೊತ್ತು, ಬರುವ ಚಳಿಗಾಲ ಕಳೆದ ಮೇಲೆ ಅದು ಇನ್ನೊಂದಿಷ್ಟು ಇಳಿಯುತ್ತದೆ. ಹಿಂದಿರುಗುವಾಗ ಭಾಭಿ ಕಾರಿನಲ್ಲಿ ಉಗುರಿನ ಮಣ್ಣು ತೆಗೆಯದೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. "ಏಪ್ರಿಲ್‌ಗೆ ಬರ್ರಿ ಬಸು ಭಾಯ್. ಕಬರಸ್ತಾನದವ್ರಿಗೆ ನಾ ಈಗಽ ಹೇಳೀನಿ, ಮುಟ್ಟಬ್ಯಾಡ್ರಿ ಅಂತ" ಎಂದರು. ಬರುತ್ತೇವೆ.

ನಿನ್ನ,
ಬಸು